ಮೈಸೂರಿನಲ್ಲಿ ಬಿಟ್‌ಕಾಯಿನ್ ನಿಧಿ ಹುಡುಕಾಟ ಇಡೋಣ ಅಂತಿದ್ದೇವೆ, ಎಲ್ಲಿ ಎಡವಬಹುದು ಹೇಳಿ

ಅಗ್ರಹಾರದ_ಹುಡುಗ

ಎಲ್ಲರಿಗೂ ನಮಸ್ಕಾರ. ನಾವು ಐದು ಜನ ಗೆಳೆಯರು, ಎಲ್ಲರೂ ಮೈಸೂರಿನವರೇ. ರಾಜ್ಯೋತ್ಸವದ ಹತ್ತಿರದ ಒಂದು ಭಾನುವಾರ ಊರೊಳಗೆ ನಿಧಿ ಹುಡುಕಾಟ ಇಡಬೇಕು ಅಂತ ಬಹಳ ದಿನದಿಂದ ಮಾತಾಡಿಕೊಳ್ಳುತ್ತಿದ್ದೆವು, ಈ ಸಲ ಮಾಡಿಯೇ ಬಿಡೋಣ ಅಂತ ಆಗಿದೆ. ಸುಳಿವೆಲ್ಲ ಕನ್ನಡದಲ್ಲೇ, ಒಗಟಿನ ಧಾಟಿಯಲ್ಲಿ. ಬಹುಮಾನ ಸುಮಾರು 50 ಸಾವಿರ ರೂಪಾಯಿಯ ಬಿಟ್‌ಕಾಯಿನ್. ತಲಾ ಹತ್ತು ಸಾವಿರ ಹಾಕಿದ್ದೇವೆ, ಹಿಂದೆ ಯಾವ ಕಂಪನಿಯೂ ಇಲ್ಲ.

ಈಗಿನ ಯೋಜನೆ ಹೀಗಿದೆ. ಹೊಸ ವಾಲೆಟ್ ಒಂದನ್ನು ಮಾಡುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ವಾಲೆಟ್ ಅಂದರೆ ಬಿಟ್‌ಕಾಯಿನ್ ಇಡುವ ಡಿಜಿಟಲ್ ಪರ್ಸು, ಅದನ್ನು ತೆರೆಯೋಕೆ 12 ಇಂಗ್ಲಿಷ್ ಪದಗಳ ಒಂದು ಸಾಲು ಇರುತ್ತದೆ, ಸೀಡ್ ಅಂತಾರೆ. ಆ ಸಾಲು ಯಾರ ಕೈಗೆ ಸಿಕ್ಕಿತೋ ದುಡ್ಡು ಅವರದು. ಬ್ಯಾಂಕು, ಸಹಿ, ಗುರುತಿನ ಚೀಟಿ ಏನೂ ಬೇಡ. ಆ ಪದಗಳನ್ನು ಮೈಸೂರಿಗೆ ಹೊಂದುವ ಹಾಗೆ ನಾವೇ ಆರಿಸುತ್ತೇವೆ: ಝೂ, ಕ್ಲಾಕ್, ಮಾರ್ಕೆಟ್, ಎಲಿಫೆಂಟ್, ಸಿಲ್ಕ್, ಹೀಗೆ. ಸೀಡ್ ಪದಗಳು ಒಂದು ನಿಗದಿತ ಪಟ್ಟಿಯಿಂದಲೇ ಬರಬೇಕು, ಇವೆಲ್ಲ ಅದರಲ್ಲಿವೆ, ನೋಡಿದೆ. ಚೀಟಿಯಲ್ಲಿ ಬರೆದು ಸ್ಟೀಲ್ ಡಬ್ಬದಲ್ಲಿ ಹಾಕಿ (ಅಮ್ಮನ ಕಡಲೆಹಿಟ್ಟಿನ ಡಬ್ಬ, ಕೇಳಿದ್ದೇನೆ, ಅರ್ಧ ಒಪ್ಪಿದ್ದಾರೆ) ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಹೂಳುವುದು. ತಂಡಕ್ಕೆ 100 ರೂಪಾಯಿ ಪ್ರವೇಶ ಶುಲ್ಕ, ಟೀ ಶರ್ಟ್ ಖರ್ಚಿಗೆ. ತಪ್ಪಿದ್ದರೆ ಹೇಳಿ, ಬೈದರೂ ಪರವಾಗಿಲ್ಲ.

ಲೆಕ್ಕದ_ಮೇಷ್ಟ್ರು

ಬೈಯುವುದಿಲ್ಲ. ಆದರೆ ಪದಗಳನ್ನು ನೀವೇ ಆರಿಸುವುದು ಖಂಡಿತ ಬೇಡ.

ಆ ಪಟ್ಟಿಯಲ್ಲಿ ಒಟ್ಟು 2048 ಪದಗಳಿವೆ. ಹನ್ನೆರಡನೆಯ ಪದದೊಳಗೆ ತಾಳೆ ನೋಡುವ ಲೆಕ್ಕ ಒಂದಿರುತ್ತದೆ, ಹಿಂದಿನ ಹನ್ನೊಂದಕ್ಕೆ ಅದು ಹೊಂದದಿದ್ದರೆ ವಾಲೆಟ್ ಒಪ್ಪುವುದೇ ಇಲ್ಲ. ಮನಸ್ಸಿಗೆ ಬಂದ 12 ಪದ ಜೋಡಿಸಿದರೆ 16ರಲ್ಲಿ ಒಂದು ಸಲ ಮಾತ್ರ ತಾಳೆಯಾಗುತ್ತದೆ. ಅದು ಬಿಡಿ, ಹೇಗೋ ಹೊಂದಿಸಬಹುದು. ದೊಡ್ಡ ತೊಂದರೆ ಬೇರೆ. ಮೈಸೂರು ಅಂದ ತಕ್ಷಣ ಹೊಳೆಯುವ ಪದ ಆ ಪಟ್ಟಿಯಲ್ಲಿ ಒಂದು ಅರವತ್ತು ಇವೆ ಅಂತಿಟ್ಟುಕೊಳ್ಳಿ. ಎಂಟು ಸುಳಿವು ಬಿಡಿಸಿದವನಿಗೆ ಉಳಿದ ನಾಲ್ಕಕ್ಕೆ 60×60×60×60, ಅಂದರೆ ಸುಮಾರು 1.3 ಕೋಟಿ ಜೋಡಣೆ. ನಮಗೆ ಅದು ದೊಡ್ಡ ಸಂಖ್ಯೆ. ಕಂಪ್ಯೂಟರ್‌ಗೆ ಬೆಳಗಿನ ತಿಂಡಿಗೆ ಮುಂಚಿನ ಕಾಫಿ.

ಪದಗಳನ್ನು ವಾಲೆಟ್ಟೇ ಆರಿಸಿದರೂ ನೀವು ಪೂರ್ತಿ ಪಾರಾಗುವುದಿಲ್ಲ. ಮೂರು ಪದ ಗೊತ್ತಿಲ್ಲ ಅಂದರೆ 859 ಕೋಟಿ ಜೋಡಣೆ, ಅದರಲ್ಲಿ ತಾಳೆಯಾಗುವುದು 53.7 ಕೋಟಿ. ಇದೂ ಮನೆಯಲ್ಲೇ ಮುಗಿಯುವ ಕೆಲಸ. ನಾಲ್ಕು ಪದವಾದರೆ? 2020ರಲ್ಲಿ ಆಲಿಸ್ಟೇರ್ ಮಿಲ್ನ್ ಅನ್ನುವ ಹೂಡಿಕೆದಾರ ಒಂದು ಪೂರ್ತಿ ಬಿಟ್‌ಕಾಯಿನ್ ಪಣಕ್ಕಿಟ್ಟು 12 ಪದಗಳ ಸುಳಿವನ್ನು ಒಂದೊಂದಾಗಿ ಬಿಡುತ್ತಿದ್ದರು. ಎಂಟು ಪದ ಹೊರಬಂದದ್ದೇ ತಡ, ಜಾನ್ ಕ್ಯಾಂಟ್ರೆಲ್ ಅನ್ನುವ ಪ್ರೋಗ್ರಾಮರ್ ಉಳಿದ ಸುಳಿವಿಗೆ ಕಾಯಲೇ ಇಲ್ಲ. ಬಾಡಿಗೆಗೆ ಗ್ರಾಫಿಕ್ಸ್ ಕಾರ್ಡುಗಳನ್ನು ತೆಗೆದುಕೊಂಡು ಒಂದು ಲಕ್ಷ ಕೋಟಿಗೂ ಮೇಲಿನ ಜೋಡಣೆಗಳನ್ನು ಸುಮಾರು 30 ಗಂಟೆಯಲ್ಲಿ ಜಾಲಾಡಿ ದುಡ್ಡು ಎತ್ತಿಕೊಂಡರು. ಮೋಸ ಅಲ್ಲ, ಬರೀ ಗಣಿತ.

ಇನ್ನೊಂದು. ಪದ ಎಲ್ಲ ಕೊಟ್ಟು ಕ್ರಮ ಮಾತ್ರ ಮುಚ್ಚಿಡುತ್ತೇವೆ ಅನ್ನುವವರೂ ಇದ್ದಾರೆ. 12 ಪದಗಳ ಕ್ರಮ 47.9 ಕೋಟಿ ಬಗೆ, ತಾಳೆಯಾಗುವುದು 3 ಕೋಟಿ. ಅದಂತೂ ಏನೇನೂ ಅಲ್ಲ.

ಗಂಗಾವತಿ_ಭತ್ತ

ನಾನು ಗಣಿತಕ್ಕೆ ಬರುವುದಿಲ್ಲ, ಗುದ್ದಲಿಗೆ ಬರುತ್ತೇನೆ. ಅಣ್ಣ, ನೀವು "ನಿಧಿ" ಅಂತ ಪೋಸ್ಟರ್ ಹಾಕಿ ಜನರನ್ನು ಮಣ್ಣು ಅಗೆಯೋಕೆ ಬಿಟ್ಟರೆ ಏನಾಗುತ್ತದೆ ಗೊತ್ತಾ? ನಮ್ಮ ಕಡೆ ನಿಧಿ ಅಂದರೆ ಆಟ ಅಲ್ಲ. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ ಹಿಡಿದುಕೊಂಡು ಹಳೇ ಗುಡಿ ಹತ್ತಿರ ಬರುವವರು. 2019ರ ಜುಲೈನಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನೇ ಒಡೆದು ಹಾಕಿದರು, ಅಡಿಯಲ್ಲಿ ನಿಧಿ ಇದೆ ಅಂತ. ಆಮೇಲೆ ಭಕ್ತರೆಲ್ಲ ಸೇರಿ ಮತ್ತೆ ಕಟ್ಟಿದರು, ಒಡೆದವರನ್ನು ಪೊಲೀಸರು ಹಿಡಿದರು. ಅದಾದ ಮೇಲೆ ನಮ್ಮ ಭಾಗದಲ್ಲಿ ಅಪರಿಚಿತರು ಗುದ್ದಲಿ ಹಿಡಿದು ನಿಂತರೆ ಯಾರೂ "ಏನು ಆಟ ಆಡ್ತಿದ್ದೀರಪ್ಪಾ" ಅಂತ ಕೇಳುವುದಿಲ್ಲ. ಮೊದಲು ಎರಡು ಬೀಳುತ್ತದೆ.

ಮೈಸೂರು ಬೇರೆ ಅನ್ನಬಹುದು. ಬೆಟ್ಟದ ತಪ್ಪಲಲ್ಲಿ ಎಷ್ಟು ಸಣ್ಣ ಗುಡಿ, ಎಷ್ಟು ಹಳೇ ಕಲ್ಲು ಇವೆ ಎಣಿಸಿದ್ದೀರಾ? ನಿಮ್ಮ ಸುಳಿವು ತಪ್ಪಾಗಿ ಅರ್ಥ ಮಾಡಿಕೊಂಡ ಒಬ್ಬನೇ ಒಬ್ಬ ಸಾಕು.

ಶ್ಯಾವಿಗೆ

ಭತ್ತ ಅವರು ಹೇಳಿದ್ದಕ್ಕೆ ಕಾನೂನಿನ ಬಾಲವೂ ಇದೆ. ನೆಲದಲ್ಲಿ ಹುದುಗಿದ ಬೆಲೆಬಾಳುವ ವಸ್ತು ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಬೇಕು. ಬ್ರಿಟಿಷರ 1878ರ ಕಾಯ್ದೆಯಲ್ಲಿ ಅದರ ಮಿತಿ ಹತ್ತೇ ಹತ್ತು ರೂಪಾಯಿ, ನಮ್ಮ ರಾಜ್ಯದ್ದೇ 1962ರ ಕಾಯ್ದೆ ಬೇರೆ ಇದೆ. ಕಡಲೆಹಿಟ್ಟಿನ ಡಬ್ಬಕ್ಕೆ ಯಾರೂ ಕೇಸು ಹಾಕಲಾರರು, ಆದರೆ ಹೂಳುವ ಯೋಚನೆಯನ್ನೇ ಬಿಟ್ಟುಬಿಡಿ.

ನಾನು ಸಿಎ, ಹಾಗಾಗಿ ನನ್ನ ಬೇಸರದ ಮಾತುಗಳು ಇಲ್ಲಿ. ಪ್ರವೇಶ ಶುಲ್ಕ ತೆಗೆಯಿರಿ. ಒಂದು ರೂಪಾಯಿಯೂ ಬೇಡ. ದುಡ್ಡು ಕಟ್ಟಿಸಿಕೊಂಡು ದುಡ್ಡು ಗೆಲ್ಲಿಸುವ ಆಟ ಅಂದ ತಕ್ಷಣ ಜೂಜು, ಲಾಟರಿ ಅಂತ ಪ್ರಶ್ನೆ ಶುರುವಾಗುತ್ತದೆ. ಅದರ ಮೇಲೆ 2025ರಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಅದು ಜಾಣತನದ ಆಟವೋ ಅದೃಷ್ಟದ ಆಟವೋ ಅನ್ನುವ ಭೇದವೇ ಇಲ್ಲ. ನಿಮ್ಮದು ರಸ್ತೆ ಮೇಲಿನ ಆಟ ನಿಜ, ಆದರೆ ನೋಂದಣಿ, ಸುಳಿವು, ಬಹುಮಾನ ಎಲ್ಲ ಮೊಬೈಲಿನಲ್ಲೇ ಅಲ್ವಾ? 100 ರೂಪಾಯಿಯ ಟೀ ಶರ್ಟಿಗೆ ಈ ತಲೆನೋವು ಯಾಕೆ.

ತೆರಿಗೆ. ಆಟದಲ್ಲಿ ಗೆದ್ದ ಬಹುಮಾನ 10 ಸಾವಿರ ದಾಟಿದರೆ ಕೊಡುವವರೇ ಶೇ 30 ಮುರಿದು ಕಟ್ಟಬೇಕು. ಬಹುಮಾನ ವಸ್ತು ರೂಪದಲ್ಲಿದ್ದರೆ, ತೆರಿಗೆ ಕಟ್ಟಿಯಾಗಿದೆ ಅಂತ ಖಾತ್ರಿ ಮಾಡಿಕೊಂಡ ಮೇಲೇ ಕೈಗೆ ಕೊಡಬೇಕು. ಈಗ ಹೇಳಿ, ಡಬ್ಬದೊಳಗೆ ಚೀಟಿ ಇಟ್ಟು ಬಂದರೆ ಗೆದ್ದವರ ಪ್ಯಾನ್ ಯಾರು ಕೇಳುತ್ತಾರೆ, ಡಬ್ಬವಾ? ಗೆದ್ದವರು ಆಮೇಲೆ ಮಾರಿದಾಗ ಬರುವ ಲಾಭಕ್ಕೂ ಶೇ 30, 2022ರ ಏಪ್ರಿಲ್‌ನಿಂದ ಜಾರಿಯಲ್ಲಿದೆ, ನಷ್ಟವಾದರೆ ಬೇರೆ ಆದಾಯದಲ್ಲಿ ಕಳೆಯುವ ಹಾಗೂ ಇಲ್ಲ. ಇದನ್ನು ಗೆಲ್ಲುವವರಿಗೆ ಮೊದಲೇ ಹೇಳಿ. ಬಿಟ್‌ಕಾಯಿನ್ ಕೊಳ್ಳುವಾಗ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಾಯಿಸಿಕೊಂಡ ಎಕ್ಸ್‌ಚೇಂಜಿನಿಂದಲೇ ಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ನಿಮ್ಮೂರಿನ ಸಿಎ ಒಬ್ಬರ ಹತ್ತಿರ ಅರ್ಧ ಗಂಟೆ ಕೂತುಬಿಡಿ, ತೆರಿಗೆ ಮುರಿದು ಕಟ್ಟುವವರಿಗೆ ಬೇಕಾಗುವ ಟ್ಯಾನ್ ನಂಬರ್ ವಿಷಯವೂ ಬರುತ್ತದೆ.

ಉಡುಪಿ_ಮಾರಾಯ

ಬೆಟ್ಟದ ತಪ್ಪಲಲ್ಲಿ ಚಿರತೆ ಉಂಟು ಮಾರಾಯ್ರೆ, ಅದು ಪ್ಯಾನ್ ಕಾರ್ಡ್ ಕೇಳುವುದಿಲ್ಲ.

ತಮಾಷೆ ಬಿಡಿ. ಸಾರ್ವಜನಿಕ ಜಾಗದಲ್ಲಿ ವಾರಸುದಾರರಿಲ್ಲದ ಸ್ಟೀಲ್ ಡಬ್ಬ ಇಡುವುದೇ ತಪ್ಪು. 2016ರ ಆಗಸ್ಟಿನಲ್ಲಿ ನಿಮ್ಮ ಮೈಸೂರಿನ ಕೋರ್ಟ್ ಆವರಣದ ಶೌಚಾಲಯದಲ್ಲೇ ಸ್ಫೋಟ ಆಗಿತ್ತು, ಮರೆತಿರಾ? ಅಂಥ ಊರಿನಲ್ಲಿ ಡಬ್ಬ ಕಂಡರೆ ಜನ ಪೊಲೀಸರಿಗೆ ಫೋನ್ ಮಾಡುತ್ತಾರೆ, ಮಾಡಲೇಬೇಕು.

ನಾನು ಹಲವು ವರ್ಷದಿಂದ ಜಿಯೋಕ್ಯಾಶಿಂಗ್ ಆಡುತ್ತೇನೆ, ಅಂದರೆ ಬಚ್ಚಿಟ್ಟ ಡಬ್ಬವನ್ನು ಜಿಪಿಎಸ್ ಹಿಡಿದು ಹುಡುಕುವ ಆಟ. 2000ದ ಮೇ 2ರಂದು ಅಮೆರಿಕ ಜಿಪಿಎಸ್‌ಗೆ ಬೇಕೆಂದೇ ಹಾಕಿದ್ದ ಮಸುಕನ್ನು ತೆಗೆಯಿತು, ಮಾರನೇ ದಿನವೇ ಒರೆಗಾನ್‌ನಲ್ಲಿ ಒಬ್ಬ ಬಕೆಟ್ ಇಟ್ಟು ಅಕ್ಷಾಂಶ ರೇಖಾಂಶ ಹಾಕಿದ, ಆಟ ಹುಟ್ಟಿತು. ಆ ಮೊದಲ ಬಕೆಟ್ ಅರ್ಧ ಹೂತೇ ಇತ್ತು. ಈಗ ಆ ಆಟದಲ್ಲಿ ಜಾಗದವರ ಒಪ್ಪಿಗೆ ಇಲ್ಲದೆ ಅಗೆಯುವ ಹಾಗಿಲ್ಲ. ಅಮೆರಿಕದಲ್ಲೇ ಫಾರೆಸ್ಟ್ ಫೆನ್ ಅನ್ನುವವರು 2010ರಲ್ಲಿ ರಾಕಿ ಪರ್ವತಗಳಲ್ಲಿ ಪೆಟ್ಟಿಗೆ ಬಚ್ಚಿಟ್ಟರು. 2020ರಲ್ಲಿ ಸಿಗುವ ಹೊತ್ತಿಗೆ ಅದನ್ನು ಹುಡುಕಲು ಹೋಗಿ ಐದು ಜನ ಸತ್ತಿದ್ದರು. ದುಡ್ಡಿನ ಆಸೆಗೆ ಜನ ನೀವು ಅಂದುಕೊಂಡದ್ದಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗುತ್ತಾರೆ, ಅದು ನೀರಾದರೂ ಸರಿ, ಬಂಡೆಯಾದರೂ ಸರಿ. ಬೆಟ್ಟ ಬೇಡ, ಕೆರೆ ಬೇಡ, ಕತ್ತಲೆ ಬೇಡ.

ಸುಮ್ನೆ_ಓದ್ತೀನಿ

ಇಷ್ಟೆಲ್ಲ ಓದಿದ ಮೇಲೆ ಒಂದೇ ಪ್ರಶ್ನೆ. 50 ಸಾವಿರ ಯುಪಿಐ ಮಾಡಿಬಿಡಿ, ಆಗಲ್ವಾ? ಬಿಟ್‌ಕಾಯಿನ್ ಯಾಕೆ, ಸುಮ್ನೆ ಶೋಕಿಗಾ?

ಅಗ್ರಹಾರದ_ಹುಡುಗ

ಸ್ವಲ್ಪ ಶೋಕಿ, ಒಪ್ಪುತ್ತೇನೆ. ಆದರೆ ಇನ್ನೊಂದು ಕಾರಣವೂ ಇದೆ. ಊರಲ್ಲಿ "ಬಹುಮಾನ ಲಕ್ಷ" ಅಂತ ಬ್ಯಾನರ್ ಹಾಕಿ, ಕೊನೆಗೆ ಗಿಫ್ಟ್ ವೋಚರ್ ಕೊಟ್ಟು ಕಳಿಸಿದ ಸ್ಪರ್ಧೆಯಲ್ಲಿ ನಾನೇ ಓಡಿದ್ದೇನೆ. ಬಿಟ್‌ಕಾಯಿನ್ ವಿಳಾಸವನ್ನು (ಖಾತೆ ನಂಬರ್ ಇದ್ದ ಹಾಗೆ) ಮೊದಲೇ ಪ್ರಕಟಿಸಿದರೆ ಯಾರು ಬೇಕಾದರೂ ಯಾವಾಗ ಬೇಕಾದರೂ ಇಣುಕಿ ನೋಡಬಹುದು, ದುಡ್ಡು ಅಲ್ಲೇ ಇದೆಯಾ ಅಂತ. ನಾವು ಮುಟ್ಟಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಗಾಜಿನ ಹುಂಡಿ ಇದ್ದ ಹಾಗೆ.

ಹೂಳುವುದು ರದ್ದು, ಬೆಟ್ಟ ರದ್ದು, ಶುಲ್ಕ ರದ್ದು, ಟೀ ಶರ್ಟ್ ರದ್ದು. ಅಮ್ಮನಿಗೆ ಡಬ್ಬ ಬೇಡ ಅಂದೆ, ನಕ್ಕರು.

ಸುಮ್ನೆ_ಓದ್ತೀನಿ

ಗಾಜಿನ ಹುಂಡಿ ಸರಿ, ಆದರೆ ಬೀಗದ ಕೈ ನಿಮ್ಮ ಹತ್ತಿರವೂ ಇರುತ್ತಲ್ಲ. ಗೆದ್ದವರು ಮನೆಗೆ ಹೋಗಿ ಊಟ ಮಾಡುವಷ್ಟರಲ್ಲಿ ನಿಮ್ಮ ಐದು ಜನರಲ್ಲಿ ಒಬ್ಬ ಎತ್ತಿಕೊಂಡರೆ?

ಲೆಕ್ಕದ_ಮೇಷ್ಟ್ರು

ಒಳ್ಳೆಯ ಪ್ರಶ್ನೆ, ಬಹಳ ಜನ ಇಲ್ಲೇ ಜಾರುವುದು. ಸೀಡ್ ಸಿಕ್ಕರೆ ದುಡ್ಡು ಸಿಕ್ಕ ಹಾಗೆ ಅಲ್ಲ. ಆ ಸೀಡ್ ಬರೆದವರಿಗೂ ಗೊತ್ತು, ನೋಡಿದವರಿಗೂ ಗೊತ್ತು. ಗೆದ್ದವರು ಅಲ್ಲೇ, ನಿಂತ ಜಾಗದಲ್ಲೇ, ತಮ್ಮದೇ ಹೊಸ ವಾಲೆಟ್ಟಿಗೆ ಪೂರ್ತಿ ಸಾಗಿಸಿಕೊಳ್ಳಬೇಕು. ಚೀಟಿಯ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರೆ ಮುಗಿಯಿತು ಕಥೆ.

ಬಾಸ್ಟನ್_ಚಳಿ

ನಮ್ಮ ಮ್ಯಾಸಚೂಸೆಟ್ಸ್‌ನಲ್ಲಿ ನಡೆದದ್ದು ಹೇಳುತ್ತೇನೆ, ಆಗ ನಮ್ಮ ಆಫೀಸಿನಲ್ಲಿ ಅರ್ಧ ಜನ ಅದೇ ಮಾತಾಡುತ್ತಿದ್ದರು. 2024ರ ಸೆಪ್ಟೆಂಬರಿನಲ್ಲಿ ಪ್ರಾಜೆಕ್ಟ್ ಸ್ಕೈಡ್ರಾಪ್ ಅಂತ ಇಟ್ಟರು. ಕಾಡಿನಲ್ಲಿ ಚಿನ್ನದ ಪುಟ್ಟ ವಿಗ್ರಹ, ಅದರ ಜೊತೆಗೆ ಬಿಟ್‌ಕಾಯಿನ್ ಬಹುಮಾನ. ನಕ್ಷೆಯಲ್ಲಿ 500 ಮೈಲಿಯ ವೃತ್ತ, ದಿನಾ ಕಿರಿದಾಗುತ್ತಾ ಬರುತ್ತದೆ. ಅದು ಪೂರ್ತಿ ಕಿರಿದಾಗುವ ಮುಂಚೆಯೇ ಅಕ್ಟೋಬರ್ 1ರಂದು ವೆಂಡೆಲ್ ಕಾಡಿನಲ್ಲಿ ಒಬ್ಬರು ಎತ್ತಿಕೊಂಡರು. ಅವರು ಹವಾಮಾನ ತಜ್ಞ. ವಿಗ್ರಹದ ಹತ್ತಿರದ ಕ್ಯಾಮೆರಾದಿಂದ ಸಿಗುತ್ತಿದ್ದ ಉಷ್ಣಾಂಶವನ್ನು ತಮ್ಮ ಹವಾಮಾನ ಲೆಕ್ಕಗಳ ಜೊತೆ ಹೋಲಿಸಿ ಜಾಗ ಕಿರಿದು ಮಾಡಿಕೊಂಡಿದ್ದರು! ಇಟ್ಟವರಿಗೆ ಅದು ಬರೀ ಒಂದು ಅಂಕಿ, ಅವರಿಗೆ ಅದೇ ನಕ್ಷೆ. ಹಾಗಾಗಿ ಪ್ರಚಾರಕ್ಕೆ ಹಾಕುವ ಪ್ರತಿ ಫೋಟೋವನ್ನೂ ಅನುಮಾನದಿಂದ ನೋಡಿ. ಮೊಬೈಲ್ ಫೋಟೋದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶವೇ ಕೂತಿರುತ್ತದೆ, ಅದನ್ನು ಅಳಿಸಿ ಹಾಕಿ.

ಇನ್ನೊಂದು ಹಳೇ ಕಥೆ. 1979ರಲ್ಲಿ ಇಂಗ್ಲೆಂಡಿನಲ್ಲಿ ಚಿತ್ರಕಾರರೊಬ್ಬರು ಚಿನ್ನದ ಮೊಲ ಹೂತಿಟ್ಟು ಇಡೀ ದೇಶವನ್ನು ಹುಡುಕಾಟಕ್ಕೆ ಹಚ್ಚಿದರು. 1982ರಲ್ಲಿ ಸಿಕ್ಕಿತು. ಆರು ವರ್ಷದ ಮೇಲೆ ಗೊತ್ತಾಯಿತು, ಗೆದ್ದವನಿಗೆ ಜಾಗದ ಸುಳಿವು ಸಿಕ್ಕಿದ್ದು ಆ ಚಿತ್ರಕಾರರ ಹಳೆಯ ಗೆಳತಿಯ ಕಡೆಯಿಂದ ಅಂತ. ನೀವು ಐದು ಜನ, ಅಂದರೆ ಐದು ಮನೆ, ಐದು ಮನೆಯ ಅತ್ತಿಗೆ ನಾದಿನಿ ಮಾವ ಮೈದುನ. ಎಲ್ಲರಿಗೂ ಎಲ್ಲ ಗೊತ್ತಾಗದ ಹಾಗೆ ನೋಡಿಕೊಳ್ಳಿ.

ಲೆಕ್ಕದ_ಮೇಷ್ಟ್ರು

ಎಲ್ಲರ ಮಾತೂ ಒಂದೇ ಕಡೆ ಹೋಗುತ್ತಿದೆ, ಗಮನಿಸಿದಿರಾ? ಹುಡುಕುವವರು ಬೀದಿಯಲ್ಲಿ ತೆಗೆದುಕೊಳ್ಳುವ ವಸ್ತು ದುಡ್ಡೇ ಆಗಿರಬಾರದು. ದುಡ್ಡಿನ ಕಡೆ ಹೋಗುವ ದಾರಿಯಾಗಿರಬೇಕು ಅಷ್ಟೇ.

ದೊಡ್ಡವರು ಇದನ್ನು ಚೂರು ಮಾಡಿ ಹಂಚುತ್ತಾರೆ. 2019ರಲ್ಲಿ ಸತೋಶೀಸ್ ಟ್ರೆಷರ್ ಅಂತ ಹತ್ತು ಲಕ್ಷ ಡಾಲರಿನ ಹುಡುಕಾಟ ಶುರುವಾಯಿತು. ಅದರಲ್ಲಿ ಕೀಲಿಯನ್ನು 1000 ಚೂರು ಮಾಡಿದ್ದರು, ಯಾವ 400 ಸಿಕ್ಕರೂ ತೆರೆಯುತ್ತದೆ, 399 ಸಿಕ್ಕರೂ ಏನೇನೂ ತಿಳಿಯುವುದಿಲ್ಲ. ಅದರ ಗಣಿತ ಆದಿ ಶಮೀರ್ ಅವರದು, 1979ರದು, ನಾನು ಪಾಠ ಮಾಡುವಾಗ ಅದನ್ನು ಪರವಲಯ ಬರೆದು ತೋರಿಸುತ್ತಿದ್ದೆ. ನಿಮಗೆ ಅಷ್ಟು ಬೇಡ. ಸುಲಭ ದಾರಿ ಒಂದಿದೆ. 12 ಪದಗಳ ಮೇಲೆ ಒಂದು ಗುಪ್ತಪದ ಸೇರಿಸಬಹುದು, ಪಾಸ್‌ಫ್ರೇಸ್ ಅಂತಾರೆ. ಅದಿಲ್ಲದೆ 12 ಪದ ಪೂರ್ತಿ ಸಿಕ್ಕರೂ ತೆರೆದುಕೊಳ್ಳುವುದು ಬೇರೆಯದೇ ಒಂದು ಖಾಲಿ ವಾಲೆಟ್. ಬೀದಿಯಲ್ಲಿ 12 ಪದ, ಕೊನೆಯ ಮೇಜಿನಲ್ಲಿ ಗುಪ್ತಪದ. ಶ್ಯಾವಿಗೆ ಮೇಡಂ ಕೇಳಿದ ಪ್ಯಾನ್ ಅದೇ ಮೇಜಿನಲ್ಲಿ ತೆಗೆದುಕೊಳ್ಳಿ. ಕಸ ಗುಡಿಸುವವರಿಗೆ ಚೀಟಿ ಸಿಕ್ಕರೂ ಆಟ ಕೆಡುವುದಿಲ್ಲ.

ಪದಗಳನ್ನೂ ಪದವಾಗಿ ಕೊಡಬೇಡಿ. ಪಟ್ಟಿಯಲ್ಲಿ ಪ್ರತಿ ಪದಕ್ಕೂ ಕ್ರಮಸಂಖ್ಯೆ ಇದೆ, ಮೊದಲನೆಯದು ಅಬ್ಯಾಂಡನ್, 2048ನೆಯದು, ಮೈಸೂರಿನವರಿಗೆ ಖುಷಿಯಾಗಲಿ, ಝೂ. ಈ ಪಟ್ಟಿ ಸ್ಪ್ಯಾನಿಷ್, ಜಪಾನಿ, ಕೊರಿಯನ್ ಎಲ್ಲದರಲ್ಲಿದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ಸಂಖ್ಯೆ ಕೊಡಿ, ಕನ್ನಡ ಅಂಕಿಯಲ್ಲಿ. ಇಂಗ್ಲಿಷ್ ಬಾರದವರೂ ಕೊನೆಯವರೆಗೆ ಆಡಬಹುದು.

ಶಿರಸಿ_ಅಪ್ಪೆಹುಳಿ

ಅಂಕಿ ಅಂದಿರಾ, ಬಂದೆ. ನಮ್ಮಲ್ಲಿ ಕಟಪಯಾದಿ ಇದೆಯಲ್ಲ, ಅಕ್ಷರದಿಂದ ಅಂಕಿ ತೆಗೆಯುವ ಲೆಕ್ಕ. ಸಂಗೀತ ಕಲಿತವರಿಗೆ ಗೊತ್ತು: ಮಾಯಾಮಾಳವಗೌಳ ರಾಗದ ಮೊದಲ ಎರಡು ಅಕ್ಷರ ಮಾ-ಯಾ, ಮ ಅಂದರೆ 5, ಯ ಅಂದರೆ 1, ತಿರುಗಿಸಿ ಓದಿದರೆ 15, ಅದು ಹದಿನೈದನೇ ಮೇಳಕರ್ತ, ಅಂದರೆ ಮೂಲ ರಾಗ. ಹಾಗೇ "ಮೈಸೂರು" ಅಂದರೆ ಮ 5, ಸ 7, ರ 2, ತಿರುಗಿಸಿದರೆ 275. ಇದನ್ನಿಟ್ಟುಕೊಂಡು ದೊಡ್ಡ ಗಡಿಯಾರಕ್ಕೆ ಒಂದು ಒಗಟು ಬರೆದೆ, ನೋಡಿ:

ಕೈ ಎರಡುಂಟು, ಬೇಡುವುದಿಲ್ಲ
ಮೈ ತುಂಬ ಅಂಕಿ, ಇಂಗ್ಲಿಷಿನದಲ್ಲ
ನಾನು ನಿಂತ ವರ್ಷದಲ್ಲಿ
ಊರ ಹೆಸರು ಕಳೆದು ನೋಡು

ಆ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿವೆ, ಕಟ್ಟಿದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ. 1927ರಲ್ಲಿ 275 ಕಳೆದರೆ 1652.

ಆದರೆ ಇದರಲ್ಲೇ ಒಂದು ಹುಳುಕಿದೆ, ನಾನೇ ಹೇಳಿಬಿಡುತ್ತೇನೆ. 1927 ಅನ್ನುವುದು ಅಂತರ್ಜಾಲದಲ್ಲಿ ಸಿಗುತ್ತದೆ, ಹಾಸಿಗೆಯಿಂದ ಏಳದೆಯೇ ಬಿಡಿಸಬಹುದು. ಹಾಗಂತ ಕಂಬಿ ಎಣಿಸಿ, ಮೆಟ್ಟಿಲು ಎಣಿಸಿ ಅಂದರೆ ಆ ವಾರವೇ ಯಾರೋ ರಿಪೇರಿ ಮಾಡಿರುತ್ತಾರೆ. ನನ್ನ ಸಲಹೆ ಏನೆಂದರೆ, ಜಾಗದಲ್ಲಿ ವಸ್ತು ಇಡಬೇಡಿ, ಮನುಷ್ಯರನ್ನು ಇಡಿ. ಒಗಟಿನ ಉತ್ತರ ಒಬ್ಬರು ಅಂಗಡಿಯವರ ಹತ್ತಿರ ಕರೆದುಕೊಂಡು ಹೋಗಲಿ. ಉತ್ತರ ಬಾಯಿಬಿಟ್ಟು ಹೇಳಿದರೆ ಅವರು ಚೀಟಿ ಕೊಡುತ್ತಾರೆ. ಡಬ್ಬದ ಭಯ ಇಲ್ಲ, ಅಗೆಯುವುದು ಇಲ್ಲ, ಮಳೆಗೆ ನೆನೆಯುವುದೂ ಇಲ್ಲ.

ಗಂಗಾವತಿ_ಭತ್ತ

ಇದು ಸರಿ ಐತಿ ನೋಡ್ರಿ. ಅಂಗಡಿಯವರಿಗೆ ಅವತ್ತಿನ ವ್ಯಾಪಾರ ಕೆಡದ ಹಾಗೆ ಏನಾದರೂ ಕೊಡಿ, ಬರೀ ಚಹಾದಲ್ಲಿ ಮುಗಿಸಬೇಡಿ.

ಅಗ್ರಹಾರದ_ಹುಡುಗ

ಪರೀಕ್ಷೆಗೆ ಅಂತ ನಿನ್ನೆ ಅತ್ತಿಗೆ ಮತ್ತು ಅವರ ಇಬ್ಬರು ಗೆಳತಿಯರನ್ನು ಓಡಿಸಿದೆವು. (ಪರೀಕ್ಷೆಗೆ ಬೇರೆಯದೇ ಚೀಟಿ, ಬೇರೆ ಅಂಗಡಿಗಳು. ಬಾಸ್ಟನ್ ಅವರ ಮೊಲದ ಕಥೆ ಓದಿದ ಮೇಲೆ ಅತ್ತಿಗೆಗೆ ಅಸಲಿದು ತೋರಿಸಿಲ್ಲ, ಸ್ವಲ್ಪ ಮುನಿಸಿಕೊಂಡಿದ್ದಾರೆ.) ಮೂರು ಕಡೆ ಮುಗ್ಗರಿಸಿದೆವು.

ಮೊದಲನೆಯದು ಅಪ್ಪೆಹುಳಿ ಅವರ ಒಗಟು. "ನಾನು ನಿಂತ ವರ್ಷ" ಅಂದರೆ ಗಡಿಯಾರ ಕೆಟ್ಟು ನಿಂತ ವರ್ಷ ಅಂತ ಅತ್ತಿಗೆ ಅಂದುಕೊಂಡರು! ಎದುರಿನ ಅಂಗಡಿಯಲ್ಲೆಲ್ಲ "ಇದು ಯಾವಾಗ ನಿಂತಿತು" ಅಂತ ವಿಚಾರಿಸಿದ್ದಾರೆ, ಮೂರು ಜನ ಮೂರು ವರ್ಷ ಹೇಳಿದ್ದಾರೆ. ಈಗ "ನಾನು ಹುಟ್ಟಿದ ವರ್ಷ" ಅಂತ ಬದಲಾಯಿಸಿದ್ದೇವೆ.

ಎರಡನೆಯದು ನನ್ನ ಕೈಬರಹ. ಕನ್ನಡದ ೬ ಮತ್ತು ೯ ಅವಸರದಲ್ಲಿ ಬರೆದರೆ ದೇವರಿಗೂ ಗೊತ್ತಾಗುವುದಿಲ್ಲ. ಈಗ ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ ಬರೆಯುತ್ತೇವೆ, ಚೆಕ್ಕಿನಲ್ಲಿ ಬರೆದ ಹಾಗೆ.

ಮೂರನೆಯದಕ್ಕೆ ನಾನು ಬಾಯಿ ಬಾಯಿ ಬಡಿದುಕೊಂಡೆ. 12 ಸಂಖ್ಯೆ ಸರಿಯಾಗಿ ತಂದರು, ಪದವೂ ಸಿಕ್ಕಿತು, ವಾಲೆಟ್ ಒಪ್ಪಲಿಲ್ಲ. ನೋಡಿದರೆ ನಾವು ಚೀಟಿ ಮಾಡಿದ ಪ್ರೋಗ್ರಾಂ ಪಟ್ಟಿಯನ್ನು ಸೊನ್ನೆಯಿಂದ ಎಣಿಸುತ್ತಿತ್ತು, ಅದರ ಪ್ರಕಾರ ಝೂ 2047. ಆಟಗಾರರಿಗೆ ಕೊಟ್ಟ ಪಟ್ಟಿ ಒಂದರಿಂದ ಶುರು. ಎಲ್ಲ ಪದವೂ ಒಂದೊಂದು ಮನೆ ಹಿಂದೆ. ಮೇಷ್ಟ್ರು ಹೇಳಿದ ತಾಳೆ ಲೆಕ್ಕ ಇಲ್ಲದಿದ್ದರೆ ಅಸಲಿ ದಿನವೇ ಗೊತ್ತಾಗುತ್ತಿತ್ತೇನೋ.

ಈಗಿನ ವ್ಯವಸ್ಥೆ: ಆರು ಅಂಗಡಿ, ಪ್ರತಿ ಚೀಟಿಯಲ್ಲಿ ಎರಡು ಸಂಖ್ಯೆ. ಬೆಳಿಗ್ಗೆ 8ಕ್ಕೆ ಚಿಕ್ಕ ಗಡಿಯಾರದ ಹತ್ತಿರ ಶುರು, ನಮ್ಮ ಮನೆಯ ಜಗಲಿಯಲ್ಲಿ ಕೊನೆ. ತೆರಿಗೆಗೆ 15 ಸಾವಿರ ತೆಗೆದಿಟ್ಟು 35 ಸಾವಿರದ ಬಿಟ್‌ಕಾಯಿನ್ ವಾಲೆಟ್ಟಿಗೆ. ಉತ್ತರಗಳ ಕಡತದ ಹ್ಯಾಷ್, ಅಂದರೆ ಅದರ ಬೆರಳಚ್ಚು, ಮುಂಚಿನ ದಿನವೇ ಪ್ರಕಟಿಸುತ್ತೇವೆ. ಆಮೇಲೆ ಒಂದು ಅಕ್ಷರ ಬದಲಾಯಿಸಿದರೂ ಸಿಕ್ಕಿಬೀಳುತ್ತೇವೆ. ಠಾಣೆಗೆ ಪತ್ರ ಕೊಟ್ಟಾಗಿದೆ. ಪೋಸ್ಟರಿನಲ್ಲಿ "ನಿಧಿ" ಅನ್ನುವ ಪದವೇ ಇಲ್ಲ, "ಚೀಟಿ ಓಟ" ಅಂತ ಇದೆ.

ಎರಡು, ಮೂರನೇ ಸ್ಥಾನಕ್ಕೆ 500 ರೂಪಾಯಿಯ ಬಿಟ್‌ಕಾಯಿನ್ ಕೊಡೋಣ ಅಂತಿತ್ತು, ಬೇಡ ಅನಿಸುತ್ತಿದೆ.

ಲೆಕ್ಕದ_ಮೇಷ್ಟ್ರು

ಬೇಡವೇ ಬೇಡ. ಅಷ್ಟು ಸಣ್ಣ ಮೊತ್ತಕ್ಕೆ ಸಾಗಣೆ ಶುಲ್ಕವೇ ನುಂಗಿಬಿಡಬಹುದು. 2024ರ ಏಪ್ರಿಲ್ 20ರಂದು, ಹಾಲ್ವಿಂಗ್ (ಹೊಸದಾಗಿ ಹುಟ್ಟುವ ಬಿಟ್‌ಕಾಯಿನ್ ಅರ್ಧಕ್ಕಿಳಿಯುವುದು) ಆದ ದಿನ, ಒಂದು ವ್ಯವಹಾರದ ಸರಾಸರಿ ಶುಲ್ಕ 125 ಡಾಲರ್ ದಾಟಿತ್ತು. ದಿನಾ ಹಾಗಿರುವುದಿಲ್ಲ, ಆದರೂ ಪುಸ್ತಕ ಕೊಡಿ.

ಅಗ್ರಹಾರದ_ಹುಡುಗ

ಮುಗಿಯಿತು. ಕಾಲು ನೋಯುತ್ತಿದೆ, ಗಂಟಲು ಹೋಗಿದೆ, ಆದರೂ ಇವತ್ತೇ ಬರೆಯುತ್ತಿದ್ದೇನೆ.

23 ತಂಡ ಬಂದವು. ನಾವು ಹತ್ತು ಅಂದುಕೊಂಡಿದ್ದೆವು. ಮೊದಲ ಅರ್ಧ ಗಂಟೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ನಡೆದದ್ದು ಓಟ ಅಲ್ಲ, ಜಾತ್ರೆ. ಅಲ್ಲಿ ಚೀಟಿ ಇಟ್ಟುಕೊಂಡಿದ್ದ ಹೂ ಮಾರುವ ಅಜ್ಜಮ್ಮ ಉತ್ತರ ತಪ್ಪು ಹೇಳಿದವರನ್ನೆಲ್ಲ "ಯೋಚ್ನೆ ಮಾಡ್ಕೊಂಡ್ ಬಾ ಮಗ" ಅಂತ ವಾಪಸ್ ಕಳಿಸುತ್ತಿದ್ದರು, ಜೊತೆಗೆ ಒಂದು ಮೊಳ ಮಲ್ಲಿಗೆಯನ್ನೂ ಮಾರುತ್ತಿದ್ದರು. ಅವತ್ತು ವ್ಯಾಪಾರ ಕೆಡಲಿಲ್ಲ ಭತ್ತ ಅವರೇ, ಜಾಸ್ತಿಯೇ ಆಯಿತು.

ಒಂದು ತಂಡ ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದಿತ್ತು. ಐದು ಅಂಗಡಿ ಮುಗಿಸಿ ಆರನೆಯದಕ್ಕೆ ಹೋಗದೆ ಸೀದಾ ನಮ್ಮ ಜಗಲಿಗೆ ಬಂದು ಕೂತರು, ಉಳಿದ ಎರಡು ಪದ ಲೆಕ್ಕ ಹಾಕುತ್ತೇವೆ ಅಂತ. ತಾಳೆಯಾಗುವ ಜೋಡಿ 2,62,144 ಬಂದವು. ಅದರಲ್ಲಿ ಯಾವುದು ಸರಿ ಅಂತ ನೋಡೋಕೆ ಗುಪ್ತಪದ ಬೇಕು, ಗುಪ್ತಪದಕ್ಕೆ ಎರಡು ಪದ ಬೇಕು. ಅಮ್ಮ ಅವರಿಗೆ ಕಾಫಿ ಕೊಟ್ಟರು. ಮೇಷ್ಟ್ರೇ, ನಿಮ್ಮನ್ನು ನೆನೆಸಿಕೊಂಡೆ.

ಗೆದ್ದದ್ದು ಪಾಲಿಟೆಕ್ನಿಕ್‌ನ ಇಬ್ಬರು ಹುಡುಗಿಯರು ಮತ್ತು ಅವರಲ್ಲಿ ಒಬ್ಬಳ ಚಿಕ್ಕಪ್ಪ. 11 ಗಂಟೆ 40ಕ್ಕೆ ಬಂದರು. ಚಿಕ್ಕಪ್ಪ ಆಟೋ ಓಡಿಸುತ್ತಾರೆ. ಇದೇ ಜಗಳಕ್ಕೆ ಕಾರಣವಾಯಿತು. ಎರಡನೇ ಸ್ಥಾನದವರು "ನಾವು ನಡೆದು ಬಂದೆವು, ಅವರು ಆಟೋದಲ್ಲಿ ಬಂದರು" ಅಂತ ಕೂಗಾಡಿದರು. ನಿಯಮದಲ್ಲಿ ವಾಹನದ ಮಾತೇ ಇರಲಿಲ್ಲ, ತಪ್ಪು ನಮ್ಮದೇ. ಆಟೋಗಿಂತ ಅವರಿಗೆ ಅನುಕೂಲ ಆದದ್ದು ಊರಿನ ಅರ್ಧ ಅಂಗಡಿಯವರ ಪರಿಚಯ ಅಂತ ನನ್ನ ಅನಿಸಿಕೆ, ಆದರೆ ಅದನ್ನು ಆ ಹೊತ್ತಿಗೆ ಹೇಳಲಿಲ್ಲ. ಕೊನೆಗೆ ಗೆದ್ದವರೇ ಅವರಿಗೆ ಊಟ ಕೊಡಿಸುತ್ತೇವೆ ಅಂದರು, ಅವರು ಹೋಗಲಿಲ್ಲ.

ಎದೆ ನಿಂತದ್ದು ಆಮೇಲೆ. ಗುಪ್ತಪದ ಕೊಟ್ಟೆವು, ಹುಡುಗಿ ಟೈಪ್ ಮಾಡಿದಳು, ವಾಲೆಟ್ ತೆರೆಯಿತು, ಒಳಗೆ ಸೊನ್ನೆ. ಜಗಲಿ ತುಂಬ ಜನ. ಯಾರೋ ಹಿಂದಿನಿಂದ "ನಾನ್ ಹೇಳಲಿಲ್ವಾ, ಮೋಸ" ಅಂದರು. ವಿಳಾಸದಲ್ಲಿ ದುಡ್ಡು ಇರುವುದು ಎಲ್ಲರ ಮೊಬೈಲಿನಲ್ಲೂ ಕಾಣುತ್ತಿದೆ, ಇಲ್ಲಿ ಸೊನ್ನೆ. ಎರಡು ನಿಮಿಷ ನನಗೆ ಏನೂ ತೋಚಲಿಲ್ಲ. ಆಮೇಲೆ ನೋಡಿದರೆ ಫೋನಿನ ಕೀಬೋರ್ಡು ಮೊದಲ ಅಕ್ಷರವನ್ನು ತಾನೇ ದೊಡ್ಡಕ್ಷರ ಮಾಡಿತ್ತು. ಗುಪ್ತಪದ ತಪ್ಪಾದರೆ ತಪ್ಪು ಅಂತ ಅದು ಹೇಳುವುದಿಲ್ಲ, ಬೇರೆ ಖಾಲಿ ವಾಲೆಟ್ ತೆರೆದು ಸುಮ್ಮನೆ ಕೂರುತ್ತದೆ. ಮೇಷ್ಟ್ರು ಮೊದಲೇ ಹೇಳಿದ್ದರು, ನಾನು ಓದಿಯೂ ಇದ್ದೆ!

ಸರಿ ಮಾಡಿ, ಅವರ ಹೊಸ ವಾಲೆಟ್ಟಿಗೆ ಕಳಿಸಿ, ಅದು ದಾಖಲಾಗುವ ಬ್ಲಾಕಿಗೆ ಕಾದೆವು. ಸರಾಸರಿ ಹತ್ತು ನಿಮಿಷ ಅಂತಾರೆ, ನಮ್ಮದಕ್ಕೆ ಮೂವತ್ತು ಹಿಡಿಯಿತು. ಎರಡನೇ ಸುತ್ತು ಕಾಫಿ.

ಶ್ಯಾವಿಗೆ

ಪ್ಯಾನ್ ತೆಗೆದುಕೊಂಡಿರಿ ತಾನೇ?

ಅಗ್ರಹಾರದ_ಹುಡುಗ

ತೆಗೆದುಕೊಂಡೆವು ಮೇಡಂ. ಚಿಕ್ಕಪ್ಪನದು ಇತ್ತು, ಹುಡುಗಿಯರದು ಇರಲಿಲ್ಲ, ಹಾಗಾಗಿ ಚಿಕ್ಕಪ್ಪನ ಹೆಸರಿಗೇ ಕೊಟ್ಟಿದ್ದೇವೆ. ಹಂಚಿಕೊಳ್ಳುವುದು ಅವರವರಿಗೆ ಬಿಟ್ಟದ್ದು.

ಸುಮ್ನೆ_ಓದ್ತೀನಿ

ಯುಪಿಐ ಆಗಿದ್ದರೆ ಮೂವತ್ತು ನಿಮಿಷ ಕಾಯಬೇಕಿರಲಿಲ್ಲ ಅಂತ ಹೇಳಬೇಕು ಅನಿಸುತ್ತಿದೆ, ಹೇಳಲ್ಲ. ಮುಂದಿನ ಸಲ ನಮ್ಮ ತಂಡವೂ ಬರುತ್ತದೆ. ಆಟೋ ಬಿಡ್ತೀರಾ?

ಅಗ್ರಹಾರದ_ಹುಡುಗ

ಇಲ್ಲ. ಸೈಕಲ್ಲೂ ಇಲ್ಲ, ಎಲ್ಲರೂ ನಡಿಗೆ.

ಉಡುಪಿ_ಮಾರಾಯ

ಆ ಕಡಲೆಹಿಟ್ಟಿನ ಡಬ್ಬ ಕೊನೆಗೆ ಏನಾಯಿತು ಮಾರಾಯ್ರೆ?

ಅಗ್ರಹಾರದ_ಹುಡುಗ

ಅದರಲ್ಲಿ ಬಂದವರಿಗೆ ಅಂತ ಅಮ್ಮ ಕೋಡುಬಳೆ ತುಂಬಿಟ್ಟಿದ್ದರು. ಡಬ್ಬ ಇದೆ, ಮುಚ್ಚಳ ಸಿಗುತ್ತಿಲ್ಲ. ಆ ಲ್ಯಾಪ್‌ಟಾಪ್ ತಂಡದವರು ಯಾರಾದರೂ ಇದನ್ನು ಓದುತ್ತಿದ್ದರೆ ಬ್ಯಾಗ್ ಒಮ್ಮೆ ನೋಡಿಕೊಳ್ಳಿ.